ಹಬೆ ಬಿಟ್ಟವನ ಹೆಂಡತಿ

ಚಿಟ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಚಿಟ್.

ಆಸ್ಪತ್ರೆಯ ರಾತ್ರಿಯಲ್ಲಿ ಸದ್ದುಗಳಿಗೇನೂ ಬರವಿಲ್ಲ. ಎಲ್ಲೋ ಗಾಲಿಕುರ್ಚಿ ಕಿರುಗುಟ್ಟುತ್ತದೆ, ಯಾರೋ ಕೆಮ್ಮುತ್ತಾರೆ, ಕಾರಿಡಾರಿನ ಕೊನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ. ಆದರೆ ಈ ಸದ್ದು ಬಂದದ್ದು ಮೂರಡಿ ದೂರದಿಂದ, ಗಂಡನ ಮಂಚದಿಂದ. ರೋಗಿಯ ಜೊತೆಗಿರುವವರಿಗೆಂದು ಹಾಕಿದ್ದ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿದ್ದ ಅವಳು ಕಣ್ಣು ಬಿಟ್ಟಳು. ಗೋಡೆಯ ಗಡಿಯಾರದಲ್ಲಿ ಒಂದು ನಲವತ್ತು. ಗಂಡ ಆ ಕಡೆ ಮುಖ ಮಾಡಿ, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು, ತೀರ ಶಿಸ್ತಾಗಿ ಉಸಿರಾಡುತ್ತಿದ್ದ. ಇಪ್ಪತ್ತಾರು ವರ್ಷ ಅವನ ಗೊರಕೆ ಕೇಳಿದವಳಿಗೆ ಅದು ನಿದ್ದೆಯ ಉಸಿರಲ್ಲ ಎಂದು ತಿಳಿಯಲು ಯಾರೂ ಹೇಳಿಕೊಡಬೇಕಿರಲಿಲ್ಲ.

ಏನ್ರೀ ಅದು ಎಂದು ಮೆಲ್ಲಗೆ ಕೇಳಿದಳು. ಉಸಿರಾಟ ಇನ್ನಷ್ಟು ಶಿಸ್ತಾಯಿತು.

ಬೆಳಗಾದರೆ ಅವನ ಲಿವರಿನ ಆಪರೇಷನ್ನು. ಬಲಗಡೆಯ ಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ. ಹೊಟ್ಟೆಯುಬ್ಬರವೆಂದು ಹೋದವನಿಗೆ ಪರೀಕ್ಷೆ ಮಾಡುವಾಗ ಆಕಸ್ಮಿಕವಾಗಿ ಕಂಡದ್ದು. ಈಗಲೇ ತೆಗೆದರೆ ಪೂರ್ತಿ ಹೋಗುತ್ತದೆ, ತಡಮಾಡಿದರೆ ತೆಗೆಯುವ ಹಾಗೂ ಇರುವುದಿಲ್ಲ ಎಂದಿದ್ದರು ಸರ್ಜನ್. ತಿಂಗಳ ಹಿಂದೆ ಒಮ್ಮೆ ದಿನ ಗೊತ್ತಾಗಿತ್ತು. ಅಂದು ಬೆಳಿಗ್ಗೆ ಹಸಿರು ಬಟ್ಟೆ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿ ಒಳಗೆ ಕರೆದೊಯ್ದವರು, ಅರ್ಧ ಗಂಟೆಯಲ್ಲಿ ಹಾಗೇ ಹೊರಗೆ ತಂದುಬಿಟ್ಟಿದ್ದರು. ರಕ್ತದೊತ್ತಡ ಇನ್ನೂರು ದಾಟಿ ಕೂತಿತ್ತಂತೆ, ಏನು ಮಾಡಿದರೂ ಇಳಿಯಲಿಲ್ಲವಂತೆ. ಬಣ್ಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುವ ಮನುಷ್ಯ ಅವನು. ಅಲ್ಲಿ ಎಲ್ಲರಿಗೂ ಅವನು ಮೇಸ್ತ್ರಿ. ಇಪ್ಪತ್ತು ಅಡಿ ಉದ್ದದ, ಬೆಂಕಿ ನುಂಗುವ ಯಂತ್ರದ ಮುಂದೆ ನಿಂತು ಊಟ ಮಾಡಿದವನು, ಒಂದು ಕತ್ತರಿಯ ನೆನಪಿಗೆ ಬೆವರಿ ವಾಪಸ್ಸಾದನಲ್ಲ ಎಂದು ಜೊತೆಯವರು ನಕ್ಕಿದ್ದರು. ನಗುವಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಅದು ಅವನಿಗೆ ಗಡ್ಡೆಗಿಂತ ಹೆಚ್ಚು ನೋವು ಕೊಟ್ಟಿತ್ತು.

ಆಮೇಲೆ ಅರಿವಳಿಕೆ ಡಾಕ್ಟರು ಅವರಿಬ್ಬರನ್ನೂ ಕೂರಿಸಿಕೊಂಡು ಬಿ.ಪಿ. ಮಾತ್ರೆಗಳನ್ನು ಬದಲಿಸಿದ್ದರು. ಕುಳ್ಳಗಿನ, ಮೆತ್ತಗೆ ಮಾತಾಡುವ ಹೆಂಗಸು. ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಗುಲಾಬಿ. ಬಿಳಿಯದನ್ನು ಆಪರೇಷನ್ನಿನ ದಿನವೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಗುಲಾಬಿಯದನ್ನು ಮಾತ್ರ ಹಿಂದಿನ ದಿನವೇ ನಿಲ್ಲಿಸಬೇಕು. ಅದು ಮೈಯಲ್ಲಿದ್ದರೆ, ಅರಿವಳಿಕೆ ಕೊಟ್ಟ ಮೇಲೆ ಒತ್ತಡ ಪಾತಾಳಕ್ಕಿಳಿಯುತ್ತದೆ, ಎಂದಿನ ಔಷಧಕ್ಕೆ ಮೇಲೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದಿದ್ದಳು.

ಅವಳು ಹಾಗೆಯೇ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಸಂಜೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಮೆಟ್ಟಿಲಿಳಿದ ಮೇಲೆ ನಾಲ್ಕನೆಯ ಸಲಕ್ಕೆ ಮತ್ತೆ ಹತ್ತುವವಳು. ಹುಲ್ಲುಕಡ್ಡಿ ಅಲ್ಲಾಡಿದರೂ ಭೂಕಂಪ ಅನ್ನೋಳು ಎಂದು ಗಂಡನ ಅಕ್ಕ, ಅವಳ ಅತ್ತಿಗೆ, ಬಂದಬಂದವರ ಎದುರು ಹೇಳಿ ನಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆದರುವುದು ಮಾತ್ರವಲ್ಲ, ಹೆದರಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೂ ಅವಳ ಸ್ವಭಾವ. ತಂಗಿಗೆ ಫೋನಿನಲ್ಲಿ, ಪಕ್ಕದ ಮನೆಯವಳಿಗೆ ಕಾಂಪೌಂಡಿನಾಚೆ, ಕೆಲಸದಲ್ಲಿ ಜವಾನನಿಗೆ. ಹೇಳಿದರೆ ಹೊರೆ ಸ್ವಲ್ಪ ಇಳಿದಂತೆ ಅನಿಸುತ್ತಿತ್ತು. ಕೇಳಿದವರು ಸಮಾಧಾನ ಹೇಳುವುದನ್ನು ಎಂದೋ ಬಿಟ್ಟಿದ್ದರು.

ಬೆಳಿಗ್ಗೆ ಐದಕ್ಕೆ ನರ್ಸ್ ಬಂದು ಸ್ನಾನಕ್ಕೆ ಎಬ್ಬಿಸಿ ಹೋದಳು. ಒಳಗೆ ಹೋಗುವ ಮುಂಚೆ ಗಡಿಯಾರ, ಕನ್ನಡಕ, ಉಂಗುರ ಎಲ್ಲ ಮನೆಯವರ ಕೈಗೆ ಕೊಡಬೇಕು. ಅವಳು ಕನ್ನಡಕದ ಪೆಟ್ಟಿಗೆ ತೆರೆದಳು. ಒರೆಸುವ ಬಟ್ಟೆಯ ಕೆಳಗೆ ಗುಲಾಬಿ ಮಾತ್ರೆಯ ಪಟ್ಟಿ ಮಡಚಿ ಇಟ್ಟಿತ್ತು. ಹತ್ತರಲ್ಲಿ ಎಂಟು ತುಂಬಿದ್ದವು. ಎರಡು ಗುಳಿ ಖಾಲಿ.

ನಿನ್ನೆ ಮಧ್ಯಾಹ್ನ ಮನೆಯಿಂದ ತಂದ ಔಷಧಗಳನ್ನೆಲ್ಲ ಅವಳೇ ಎಣಿಸಿ ನರ್ಸಿಗೆ ಒಪ್ಪಿಸಿದ್ದಳು. ಹಾಗಾದರೆ ಇದನ್ನು ಅವನು ಬೇರೆ ತೆಗೆದಿಟ್ಟುಕೊಂಡಿದ್ದ. ಯೋಚಿಸಿಯೇ ಮಾಡಿದ ಕೆಲಸ.

"ಎರಡು," ಎಂದಳು ಅವಳು, ಪಟ್ಟಿಯನ್ನು ಅವನ ಮುಂದೆ ಹಿಡಿದು. "ಒಂದೂ ಅಲ್ಲ, ಎರಡು."

ಮೇಸ್ತ್ರಿ ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಒಂದು ಕ್ಷಣ ಮೇಲೆ ನೋಡಿದ. ಆಮೇಲೆ ಮೆಲ್ಲಗೆ ಮಾತಾಡು ಎಂದು ಸನ್ನೆ ಮಾಡಿದ.

"ನೋಡು, ಇನ್‌ಸ್ಪೆಕ್ಟರ್ ಬಾಯ್ಲರ್ ನೋಡೋಕೆ ಹತ್ತು ಗಂಟೆಗೆ ಬರ್ತಾನೆ ಅಂದ್ರೆ ನಾವು ಒಂಬತ್ತಕ್ಕೇ ಸ್ವಲ್ಪ ಹಬೆ ಬಿಟ್ಟಿರ್ತೀವಿ. ಅವನು ಬಂದಾಗ ಒತ್ತಡದ ಮುಳ್ಳು ಹಸಿರಲ್ಲೇ ನಿಂತಿರುತ್ತೆ. ನೋಡ್ತಾನೆ, ಸಹಿ ಹಾಕ್ತಾನೆ, ಹೋಗ್ತಾನೆ. ಮೂವತ್ತು ವರ್ಷದಿಂದ ಇದೇ ಮಾಡ್ಕೊಂಡು ಬಂದಿದೀನಿ. ಒಂದಾದ್ರೂ ಒಡೆದಿದ್ಯಾ?"

"ನೀವು ಬಾಯ್ಲರ್ ಅಲ್ಲ."

"ಅದಕ್ಕಿಂತ ಹಳೇದು ನಾನು."

ತಾನು ಹೇಳಿದ ತಮಾಷೆಗೆ ತಾನೇ ನಗಲು ನೋಡಿದ, ಆಗಲಿಲ್ಲ. ಅವಳ ಕೈ ಹಿಡಿದುಕೊಂಡ. ಬೂದಿಯ ಬಣ್ಣ ಬೆರಳಿನ ಗೆರೆಗಳಿಗೆ ಇಳಿದುಹೋದ ಆ ಕೈ ತಣ್ಣಗಿತ್ತು.

"ಯಾರಿಗೂ ಹೇಳ್ಬೇಡ. ಇನ್ನೊಂದ್ಸಲ ಬಾಗಿಲವರೆಗೆ ಕರ್ಕೊಂಡು ಹೋಗಿ ವಾಪಸ್ ಕಳಿಸಿದ್ರೆ ನಾನು ಮತ್ತೆ ಇಲ್ಲಿಗೆ ಬರಲ್ಲ. ಸತ್ರೂ ಬರಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ಹಟ ಹಿಡಿದರೆ ಅವನನ್ನು ಕದಲಿಸುವುದು ಹೇಗೆಂದು ಅವನ ಹೆತ್ತಮ್ಮನಿಗೂ ಗೊತ್ತಿರಲಿಲ್ಲ. ಅವಳು ಹೂಂ ಎಂದಳು. ಒಪ್ಪಿದ ಹೂಂ ಅಲ್ಲ, ಕೇಳಿಸಿಕೊಂಡ ಹೂಂ. ಅವನಿಗೆ ಅದೇ ಸಾಕಾಯಿತು, ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಅವಳು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು. ಹೇಳಿದರೆ ಇವತ್ತು ಆಪರೇಷನ್ನು ಆಗಲಿಕ್ಕಿಲ್ಲ, ಇವತ್ತಾಗದಿದ್ದರೆ ಇವನು ಮತ್ತೆ ಬರುವವನಲ್ಲ, ಗಡ್ಡೆ ಕಾಯುವುದಿಲ್ಲ. ಹೇಳದಿದ್ದರೆ, ಪುಸ್ತಕದಲ್ಲಿ ಎರಡು ಗೆರೆ ಎಳೆದ ಆ ಮಾತು. ಉಗುಳುವುದಕ್ಕೂ ಆಗದ, ನುಂಗುವುದಕ್ಕೂ ಆಗದ ಬಿಸಿ ತುತ್ತು. ಯಾವುದಕ್ಕೂ ಇರಲಿ ಎಂದು ಚೀಲದಿಂದ ಒಂದು ಚೀಟಿ ತೆಗೆದು ಬರೆದಳು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು.

ಆರೂವರೆಗೆ ನರ್ಸ್ ಬಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದಳು. ನೂರ ಇಪ್ಪತ್ತೆಂಟು, ಎಪ್ಪತ್ತೆಂಟು. ಹುಡುಗರ ಹಾಗಿದೆ ನಿಮ್ಮ ಬಿ.ಪಿ. ಎಂದು ಹೊಗಳಿದಳು. ಮೇಸ್ತ್ರಿ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಮುಳ್ಳು ಹಸಿರಲ್ಲಿತ್ತು.

ಏಳೂವರೆಗೆ ಗಾಲಿಮಂಚ ಬಂತು. ಅವಳು ಅದರ ಪಕ್ಕದಲ್ಲೇ ನಡೆದಳು. ಉದ್ದನೆಯ ಕಾರಿಡಾರು, ಲಿಫ್ಟು, ಮತ್ತೊಂದು ಕಾರಿಡಾರು. ಆಪರೇಷನ್ ಕೋಣೆಯ ಹೊರಬಾಗಿಲಲ್ಲಿ ನೆಲಕ್ಕೆ ಒಂದು ಕೆಂಪು ಗೆರೆ ಬಳಿದಿತ್ತು. ಅಲ್ಲಿಂದಾಚೆ ಮನೆಯವರಿಗೆ ಪ್ರವೇಶವಿಲ್ಲ. ಅರಿವಳಿಕೆ ಡಾಕ್ಟರು ಅಲ್ಲಿಗೇ ಬಂದು, ಕೈಯಲ್ಲಿದ್ದ ಹಾಳೆ ನೋಡುತ್ತ ಒಂದೊಂದೇ ಪ್ರಶ್ನೆ ಕೇಳಿದರು. ಹೆಸರೇನು, ಯಾವ ಆಪರೇಷನ್ನು, ಯಾವ ಪಕ್ಕ, ಕೊನೆಗೆ ಯಾವಾಗ ಊಟ ಮಾಡಿದ್ದು. ಬಿಳಿ ಮಾತ್ರೆ ಆಯಿತೇ, ಆಯಿತು. ಗುಲಾಬಿ ಮಾತ್ರೆ ನಿಲ್ಲಿಸಿದ್ದೀರಾ?

"ನಿಲ್ಲಿಸಿದೀನಿ," ಎಂದ ಮೇಸ್ತ್ರಿ, ಬಾಯ್ಲರಿನ ದಾಖಲೆ ಒಪ್ಪಿಸುವವನ ಗಂಭೀರ ದನಿಯಲ್ಲಿ.

ಡಾಕ್ಟರು ಅವಳ ಕಡೆಯೂ ಒಮ್ಮೆ ನೋಡಿದರು. ಗಂಡನೂ ನೋಡಿದ. ಅವಳು ಬಾಯಿ ತೆರೆಯಲಿಲ್ಲ. ಗಾಲಿಮಂಚ ಕೆಂಪು ಗೆರೆ ದಾಟಿತು. ಹೋಗುವಾಗ ಅವನು ಹೊದಿಕೆಯೊಳಗಿಂದ ಎರಡು ಬೆರಳೆತ್ತಿ ಬೀಸಿದ. ಬಾಗಿಲಿನ ಎರಡು ರೆಕ್ಕೆಗಳು ಒಮ್ಮೆ ಒಳಗೆ, ಒಮ್ಮೆ ಹೊರಗೆ ಆಡಿ ನಿಂತವು.

ಅವಳು ಲಿಫ್ಟಿನವರೆಗೆ ನಡೆದಳು. ಗುಂಡಿ ಒತ್ತಿದಳು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಒಳಗಿದ್ದವರು ಸರಿದು ಜಾಗ ಮಾಡಿಕೊಟ್ಟರು. ಆಗ ಅವಳಿಗೆ ಹೊಳೆದದ್ದು ಇಷ್ಟೇ: ಇವನು ವಾಪಸ್ ಬರುವುದಿಲ್ಲ ಎಂದು ಹೇಳಿದನಲ್ಲ, ಅದು ಬದುಕಿರುವವನು ಮಾಡುವ ಹಟ. ಬದುಕಿದ್ದರೆ ಅವನ ಹಟದ ಜೊತೆ ಜಗಳವಾಡಬಹುದು. ಇಪ್ಪತ್ತಾರು ವರ್ಷದಿಂದ ಆಡಿಲ್ಲವೇ?

ಹಿಂದಿರುಗಿ ಓಡಿದಳು. ಒಂದು ಚಪ್ಪಲಿ ಕಾರಿಡಾರಿನ ಮಧ್ಯದಲ್ಲೇ ಉಳಿಯಿತು. ಬಾಗಿಲ ಪಕ್ಕದ ಕರೆಗಂಟೆಯನ್ನು ಒತ್ತಿ ಹಿಡಿದಳು, ಬಿಡಲಿಲ್ಲ. ಹಸಿರು ಟೊಪ್ಪಿಯ ನರ್ಸೊಬ್ಬಳು ತಲೆ ಹೊರಗೆ ಹಾಕಿ, ಒಳಗೆ ಬಿಡೋ ಹಾಗಿಲ್ಲ ಎಂದು ಶುರುಮಾಡಿದಳು.

"ನಾನು ಒಳಗೆ ಬರಲ್ಲ. ಅರಿವಳಿಕೆ ಡಾಕ್ಟ್ರನ್ನ ಕರೀರಿ. ಮದ್ದು ಕೊಡೋದಕ್ಕೆ ಮುಂಚೆ ಕರೀರಿ."

ಗ್ರಂಥಾಲಯದಲ್ಲಿ ಮೂವತ್ತು ಜನರನ್ನು ಒಂದು ಕಣ್ಣೋಟದಲ್ಲಿ ಸುಮ್ಮನಾಗಿಸುವ ಹೆಂಗಸಿನ ದನಿ ಅದು. ನರ್ಸ್ ಮರುಮಾತಾಡದೆ ಹೋದಳು.

ಡಾಕ್ಟರು ಬಂದಾಗ ಅವಳು ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಕೈಗಿಟ್ಟಳು. ಚೀಟಿಯಲ್ಲಿ ಹೀಗಿತ್ತು: ರಾತ್ರಿ 1.40. ಗುಲಾಬಿ ಮಾತ್ರೆ, ಎರಡು. ನುಂಗಿದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಸದ್ದು ಕೇಳಿದೆ, ಖಾಲಿ ಗುಳಿ ನೋಡಿದೆ, ಬೆಳಿಗ್ಗೆ ಕೇಳಿದಾಗ ಅವರು ಅಲ್ಲಗಳೆಯಲಿಲ್ಲ. ಇವತ್ತು ವಾಪಸ್ ಕಳಿಸಿದರೆ ಮತ್ತೆ ಬರುವುದಿಲ್ಲ ಎಂದಿದ್ದಾರೆ.

ಡಾಕ್ಟರು ಎರಡು ಸಲ ಓದಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಪಟ್ಟಿಯನ್ನು ತಿರುಗಿಸಿ ಮಾತ್ರೆಯ ಹೆಸರು ನೋಡಿ, ನಮ್ಮ ಕಿರಿಯ ಡಾಕ್ಟ್ರುಗಳು ಇಷ್ಟು ಚೆನ್ನಾಗಿ ಬರೆಯಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಗಂಡನನ್ನು ಆಗಲೇ ಒಳಕೋಣೆಗೆ ಕರೆದೊಯ್ದಿದ್ದರು. ಸರ್ಜನ್‌ರ ದನಿ ಕೇಳಿಸಿತು. ಮುಂದಕ್ಕೆ ಹಾಕೋಣ ಎಂಬುದು ಅವರ ಮಾತು. ಲಿವರು ಕತ್ತರಿಸುವಾಗ ಒತ್ತಡ ಬಿದ್ದರೆ, ಎತ್ತಲು ರಕ್ತ, ನೀರು ಅಂತ ಸುರಿದರೆ, ನಾಳಗಳು ತುಂಬಿಕೊಂಡು ಕೆರೆ ಕೋಡಿ ಬಿದ್ದ ಹಾಗೆ ರಕ್ತ ಹರಿಯುತ್ತದೆ. ಆಮೇಲೆ ಕಿಡ್ನಿ, ಶ್ವಾಸಕೋಶ ಎಲ್ಲವೂ ತೊಂದರೆ ಕೊಡುತ್ತವೆ ಎಂದರು. ಅವಳು ಗೋಡೆಗೆ ಅಂಗೈ ಒತ್ತಿ ನಿಂತಳು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು.

ಅರಿವಳಿಕೆ ಡಾಕ್ಟರ ದನಿ ಏರಲೇ ಇಲ್ಲ, ಆದರೆ ಒಂದೊಂದು ಮಾತೂ ಕೇಳಿಸಿತು. "ಮುಂದಕ್ಕೆ ಹಾಕಿದ್ರೆ ಈ ಮನುಷ್ಯ ಬರಲ್ಲ ಸರ್. ಕಾರಣ ಗೊತ್ತಿಲ್ದೆ ಒತ್ತಡ ಬಿದ್ರೆ ನಾನು ಹುಡುಕ್ತಾ ಕೂರ್ತಿದ್ದೆ. ಈಗ ಹುಡುಕೋದೇನಿಲ್ಲ. ಇನ್ನೊಂದು ಔಷಧ ಮೊದ್ಲೇ ಸಿರಿಂಜಿಗೆ ತುಂಬಿಟ್ಕೋತೀನಿ. ನೀವು ನಿಮ್ಮ ಕೆಲಸ ಶುರು ಮಾಡಿ."

ಆಮೇಲೆ ಸರ್ಜನ್ ಸರಿ ಎಂದರು.

ಡಾಕ್ಟರು ಮತ್ತೆ ಬಾಗಿಲಿಗೆ ಬಂದು, ಅವಳಿಗೆ ಅರ್ಥವಾಗುವ ಹಾಗೆ ಎರಡು ಮಾತಿನಲ್ಲಿ ಹೇಳಿದರು. ಎಂದಿನ ಔಷಧಕ್ಕೆ ಬಗ್ಗದ ಒತ್ತಡವನ್ನು ಎತ್ತುವ ಇನ್ನೊಂದು ಔಷಧವಿದೆ. ಅದು ಹೊಟ್ಟೆಯೊಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ಮೈಯ ಒತ್ತಡ ಏರುತ್ತದೆ, ಲಿವರಿಗೆ ನುಗ್ಗುವ ರಕ್ತದ ಒತ್ತಡ ಇಳಿಯುತ್ತದೆ. ಕತ್ತರಿಸುವಾಗ ಬೇಕಾದದ್ದೂ ಅದೇ. ಇದನ್ನು ಚೀಟಿಯ ಸಮೇತ ದಾಖಲೆಯಲ್ಲಿ ಬರೆಯುತ್ತೇನೆ ಎಂದರು.

"ನಾನು ಹೇಳಿದ್ದು ಅಂತ ಅವರಿಗೆ ಗೊತ್ತಾಗೋದು ಬೇಡ," ಎಂದಳು ಅವಳು.

"ಯಾರು ಹೇಳಿದ್ರು ಅನ್ನೋದು ನನಗೆ ಬೇಕಿಲ್ಲಮ್ಮ. ಹೋಗಿ, ಆ ಚಪ್ಪಲಿ ಹಾಕ್ಕೊಳ್ಳಿ."

ಒಂಬತ್ತಕ್ಕೆ ಅತ್ತಿಗೆ ಬಂದಳು. ಫ್ಲಾಸ್ಕಿನಲ್ಲಿ ಕಾಫಿ, ಚೀಲದಲ್ಲಿ ಬ್ರೆಡ್ಡು, ಬಾಯಿ ತುಂಬ ಸುದ್ದಿ. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮ ಚಿಕ್ಕವನಿದ್ದಾಗ ಇಂಜೆಕ್ಷನ್ನಿಗೆ ಹೆದರಿ ಮಂಚದಡಿ ಸೇರಿದ್ದನ್ನು ಎದುರಿನವರಿಗೆಲ್ಲ ಕೇಳುವ ಹಾಗೆ ಹೇಳಿದಳು. ತಮ್ಮನ ಹೆಂಡತಿ ಎಂದಿನಂತೆ ಎದೆ ಕುಟ್ಟಿಕೊಂಡು ಅಳುತ್ತಿಲ್ಲ ಎಂಬುದನ್ನು ಗಮನಿಸಿ ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅವಳು ಕಾಫಿ ಲೋಟ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದಳು. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದು ಜೀವ ಹಂಬಲಿಸಿತು. ಆದರೆ ಏನೆಂದು ಹೇಳುವುದು? ಗಂಡನ ಮಾತು ಮುರಿದೆ ಎಂದೇ, ಮುರಿದದ್ದು ಸರಿಯೋ ತಪ್ಪೋ ಇನ್ನೂ ಗೊತ್ತಿಲ್ಲ ಎಂದೇ?

ಒಂಬತ್ತೂವರೆಗೆ ಬಿಳಿ ಬಟ್ಟೆಯ ಹಿರಿಯ ಅಟೆಂಡರೊಬ್ಬ ಕೆಂಪು ಮುಚ್ಚಳದ ಡಬ್ಬಿಯೊಂದನ್ನು ಹಿಡಿದು ಒಳಗೆ ಹೋದ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಗಂಡನ ಹೆಸರೂ ರಕ್ತದ ಗುಂಪೂ ಬರೆದಿತ್ತು, ನಾಲ್ಕು ಚೀಲ ಎಂದೂ. ಅವಳು ದೂರದಿಂದಲೇ ಓದಿಬಿಟ್ಟಳು. ನಾಲ್ಕು ಚೀಲ ರಕ್ತ ಎಂದರೆ ಒಬ್ಬ ಮನುಷ್ಯನಲ್ಲಿ ಇರುವುದರ ಸುಮಾರು ಎಷ್ಟು ಪಾಲು ಎಂದು ಮನಸ್ಸು ತನ್ನಷ್ಟಕ್ಕೆ ಭಾಗಾಕಾರ ಮಾಡತೊಡಗಿತು. ಬೇಡವೆಂದರೂ ನಿಲ್ಲಲಿಲ್ಲ.

ಹನ್ನೊಂದಾಯಿತು. ಹನ್ನೆರಡಾಯಿತು. ಬಾಗಿಲು ತೆರೆದಾಗಲೆಲ್ಲ ಜೀವ ಬಾಯಿಗೆ ಬಂದು, ಬೇರೆಯವರ ಹೆಸರು ಕೂಗಿದಾಗ ಹಿಂದಿರುಗುತ್ತಿತ್ತು. ಅತ್ತಿಗೆ ಬ್ರೆಡ್ಡು ತಿಂದು, ಕುರ್ಚಿಯಲ್ಲೇ ತೂಕಡಿಸಿ, ಎದ್ದು ಮುಖ ತೊಳೆದು ಬರಲು ಹೋದಳು.

ಒಂದೂವರೆಗೆ ಬಾಗಿಲು ತೆರೆಯಿತು. ಅದೇ ಅಟೆಂಡರು, ಅದೇ ಕೆಂಪು ಮುಚ್ಚಳದ ಡಬ್ಬಿ. ಮುಚ್ಚಳದ ಮೇಲಿನ ಮೊಹರು ಹಾಗೇ ಇತ್ತು. ಅವಳು ಎದ್ದು ಅಡ್ಡ ನಿಂತಳು. ಬೆರಳಿನಿಂದ ಡಬ್ಬಿ ತೋರಿಸಿದಳು.

"ಬೇಡ್ವಂತಮ್ಮ," ಎಂದ ಅವನು, ನಡೆಯುತ್ತಲೇ. "ವಾಪಸ್ ಕೊಡೋಕೆ ಹೋಗ್ತಿದೀನಿ."

ರಕ್ತ ಬೇಡವಾಗುವುದು ಯಾವಾಗ? ರಕ್ತಸ್ರಾವವಾಗದಿದ್ದಾಗ. ಇಲ್ಲವೇ, ಕೊಟ್ಟು ಪ್ರಯೋಜನವಿಲ್ಲದಾಗ. ಅವಳ ಮನಸ್ಸು ಎರಡನೆಯದನ್ನೇ ಹಿಡಿದುಕೊಂಡಿತು. ಹಿಡಿದುಕೊಳ್ಳುವ ಅಭ್ಯಾಸ ಅದಕ್ಕೆ. ಕಾರಿಡಾರಿನ ದೀಪಗಳೆಲ್ಲ ಒಮ್ಮೆಗೇ ದೂರ ಸರಿದಂತಾದವು. ಅಷ್ಟರಲ್ಲಿ ಬಾಗಿಲ ಸಂದಿನಲ್ಲಿ ಕುಳ್ಳಗಿನ ಆಕೃತಿಯೊಂದು ನಿಂತಿತ್ತು. ಅರಿವಳಿಕೆ ಡಾಕ್ಟರು. ಮುಖಗವಸಿನ ದಾರ ಒಂದು ಕಿವಿಯಿಂದ ಜೋತಾಡುತ್ತಿತ್ತು, ಕೆನ್ನೆಯ ಮೇಲೆ ಅದರ ಅಚ್ಚು ಬಿದ್ದಿತ್ತು. ಬನ್ನಿ ಎಂದು ಕೈ ಮಾಡಿದರು.

ಅವರು ಮೊದಲು ಆಡಿದ ಮಾತು, "ಚೆನ್ನಾಗಿದಾರೆ."

ಆಮೇಲೆ ಹೇಳಿದರು. ಅರಿವಳಿಕೆ ಕೊಟ್ಟು ನಲವತ್ತು ನಿಮಿಷಕ್ಕೆ ಒತ್ತಡ ಜಾರತೊಡಗಿತು. ನೂರು, ತೊಂಬತ್ತು, ಎಪ್ಪತ್ತು. ಎಂದಿನ ಔಷಧವನ್ನು ಎರಡು ಸಲ ಕೊಟ್ಟರೂ ಅದು ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಸರ್ಜನ್ ಕೈ ಎತ್ತಿ ನಿಂತರು. ಇನ್ನೊಂದು ಔಷಧದ ಸಿರಿಂಜು ಆಗಲೇ ಪಂಪಿನಲ್ಲಿ ಕೂತಿತ್ತು, ನಳಿಕೆ ಜೋಡಿಸಿತ್ತು. ಗುಂಡಿ ಒತ್ತುವುದಷ್ಟೇ ಬಾಕಿ. ನಾಲ್ಕು ನಿಮಿಷದಲ್ಲಿ ಒತ್ತಡ ನೂರ ಹತ್ತಕ್ಕೆ ಬಂದು ನಿಂತಿತು. ಕತ್ತರಿಸುವುದು ಮುಗಿಯುವವರೆಗೆ ಅದೇ ಔಷಧವನ್ನು ಹನಿಹನಿಯಾಗಿ ಬಿಟ್ಟುಕೊಂಡೇ ಇದ್ದರು. ಲಿವರು ಒಣಗಿದ ಸ್ಪಂಜಿನ ಹಾಗೆ ಕೂತಿತ್ತು, ರಕ್ತ ಒರೆಸುವ ಬಟ್ಟೆಗಳು ಅರ್ಧಕ್ಕರ್ಧ ಕಟ್ಟು ಬಿಚ್ಚದೆ ಉಳಿದವು.

"ಆ ಸಿರಿಂಜು ತಯಾರಿರ್ಲಿಲ್ಲ ಅಂದಿದ್ರೆ?" ಕೇಳಬಾರದೆಂದುಕೊಂಡರೂ ಕೇಳಿದಳು.

ಡಾಕ್ಟರು ಅವಳ ಮುಂಗೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು ಒಳಗೆ ಹೋದರು.

ಅವಳು ಅಲ್ಲೇ ನಿಂತಳು. ಅಳು ಬರಬೇಕಿತ್ತು, ಬರಲಿಲ್ಲ. ಕಾಲಿನಿಂದ ಏನೋ ಮೇಲೇರುತ್ತ ಬಂದು ಎದೆಯಲ್ಲಿ ಅಗಲವಾಗಿ ಹರಡಿತು. ಇಷ್ಟು ವರ್ಷ ಹೆದರಿದ ಹೆದರಿಕೆಗಳೆಲ್ಲ ಸಾಲಾಗಿ ಬಂದು, ನಾವು ದಂಡಕ್ಕೆ ಬಂದವರಲ್ಲ ನೋಡು, ಎಂದು ತಲೆಯೆತ್ತಿ ನಿಂತಂತಾಯಿತು. ಅತ್ತಿಗೆ ಮುಖ ಒರೆಸಿಕೊಳ್ಳುತ್ತ ಬಂದವಳು, ಇವಳು ಒಬ್ಬಳೇ ನಗುತ್ತಿರುವುದನ್ನು ನೋಡಿ ಗಾಬರಿಯಾದಳು. ಅಷ್ಟರಲ್ಲಿ ಸರ್ಜನ್ ಹೊರಗೆ ಬಂದು, ಗಡ್ಡೆ ಪೂರ್ತಿ ಬಂತು, ಒಂದು ಹನಿ ರಕ್ತ ಕೊಡುವುದೂ ಬೇಕಾಗಲಿಲ್ಲ, ರಕ್ತವೇ ಸೋರದ ಇಂಥ ಆಪರೇಷನ್ನು ಮಾಡಿ ವರ್ಷವಾಯಿತು ಎಂದರು. ಹೇಳುವಾಗ ಅತ್ತಿಗೆಯನ್ನು ಬಿಟ್ಟು ಇವಳನ್ನೇ ನೋಡಿದರು. ಅತ್ತಿಗೆ ಅವರ ಕೈಗುಣವನ್ನು ಕೊಂಡಾಡಿ ಅವರನ್ನು ಲಿಫ್ಟಿನವರೆಗೂ ಬೀಳ್ಕೊಟ್ಟಳು.

ಮೂರನೆಯ ದಿನ ಮೇಸ್ತ್ರಿ ಎದ್ದು ಕೂತ. ನಾಲ್ಕನೆಯ ದಿನ ಕಂಬಿ ಹಿಡಿದು ಹತ್ತು ಹೆಜ್ಜೆ ನಡೆದ. ಹೊಟ್ಟೆಯಲ್ಲಿ ನೀರು ತುಂಬಲಿಲ್ಲ, ಕಿಡ್ನಿ ತಂಟೆ ಮಾಡಲಿಲ್ಲ, ಕಣ್ಣು ಹಳದಿಯಾಗಲಿಲ್ಲ. ಇಂಥ ಆಪರೇಷನ್ನಿನ ನಂತರ ಆಗಬಹುದೆಂದು ಸಹಿ ಹಾಕಿಸಿಕೊಂಡಿದ್ದ ಕಾಗದದಲ್ಲಿ ಇದ್ದ ತೊಂದರೆಗಳನ್ನು ಅವಳು ಬಾಯಿಪಾಠ ಮಾಡಿದ್ದಳು. ದಿನವೂ ಒಂದೊಂದನ್ನೇ ಮನಸ್ಸಿನಲ್ಲೇ ಹೊಡೆದುಹಾಕುತ್ತ ಹೋದಳು.

ಐದನೆಯ ದಿನ ಅರಿವಳಿಕೆ ಡಾಕ್ಟರು ನೋಡಲು ಬಂದರು. ನಾಡಿ ಹಿಡಿದು, ಗಾಯ ನೋಡಿ, ಕೊನೆಗೆ ಮಾತಿನ ನಡುವೆ ಮಾತು ಎಂಬಂತೆ, ರಾತ್ರಿ ನುಂಗಿದ ಎರಡು ಗುಲಾಬಿ ಮಾತ್ರೆ ನಿಮ್ಮ ಒತ್ತಡವನ್ನು ಎಪ್ಪತ್ತಕ್ಕೆ ಇಳಿಸಿತ್ತು, ಇನ್ನು ಮುಂದೆ ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು ಎಂದರು. ಮೇಸ್ತ್ರಿಯ ಬಾಯಿ ತೆರೆದಂತೆಯೇ ಉಳಿಯಿತು. ನಿಮಗೆ ಹೇಗೆ ಗೊತ್ತಾಯಿತು ಎಂದು ಕಷ್ಟಪಟ್ಟು ಕೇಳಿದ.

"ಒಳಗೆ ಎಲ್ಲಾ ಗೊತ್ತಾಗುತ್ತೆ," ಎಂದರು ಡಾಕ್ಟರು, ಹಾಳೆಯಿಂದ ತಲೆಯೆತ್ತದೆ.

ಅವರು ಹೋದ ಮೇಲೆ ಅವನು ಬಹಳ ಹೊತ್ತು ಛಾವಣಿ ನೋಡುತ್ತ ಮಲಗಿದ್ದ. ಹೆಂಡತಿಯ ಮೇಲೆ ಅನುಮಾನ ಬರಲು ಕಾರಣವಿರಲಿಲ್ಲ. ಡಾಕ್ಟರು ನೇರವಾಗಿ ಕೇಳಿದಾಗ ಅವಳು ತುಟಿ ಬಿಚ್ಚದೆ ನಿಂತದ್ದನ್ನು ಅವನೇ ನೋಡಿದ್ದನಲ್ಲ. ಕೊನೆಗೆ ತಾನೇ ಒಂದು ತೀರ್ಮಾನಕ್ಕೆ ಬಂದ. ಬಂದ ಮೇಲೆ ಅದರ ಬಗ್ಗೆ ಅವನಿಗೆ ಹೆಮ್ಮೆಯೇ ಆಯಿತು.

ಭಾನುವಾರ ಕಾರ್ಖಾನೆಯಿಂದ ಇಬ್ಬರು ನೋಡಲು ಬಂದರು. ಅತ್ತಿಗೆಯೂ ಇದ್ದಳು. ಮೇಸ್ತ್ರಿ ದಿಂಬಿಗೊರಗಿ ಕೂತು, ತಾನು ಹಬೆ ಬಿಟ್ಟ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ.

"ಆಪರೇಷನ್ ಕೋಣೇಲಿರೋ ಯಂತ್ರ ಎಂಥದ್ದು ಅಂತೀರಿ! ನಮ್ಮಲ್ಲಿರೋ ಮುಳ್ಳಿನ ಥರ ಅಲ್ಲ. ರಾತ್ರಿ ಕತ್ತಲಲ್ಲಿ ಏನು ನುಂಗಿದೀವಿ, ಎಷ್ಟು ನುಂಗಿದೀವಿ, ಎಲ್ಲಾ ಹೇಳ್ಬಿಡುತ್ತೆ. ಎರಡು ಅಂತ ಸರಿಯಾಗಿ ಹೇಳ್ತು ಕಣ್ರೋ. ಅದರ ಮುಂದೆ ನಮ್ಮ ಆಟ ನಡೆಯಲ್ಲ."

ಬಂದವರು ಬೆರಗಾದರು. ಅಂಥದ್ದೊಂದನ್ನು ಬಾಯ್ಲರಿಗೆ ಹಾಕಿಸಿದರೆ ನಿನ್ನ ಗತಿಯೇನು ಮೇಸ್ತ್ರಿ ಎಂದು ಒಬ್ಬ ಕಾಲೆಳೆದ. ಎಲ್ಲರೂ ನಕ್ಕರು. ನಕ್ಕದ್ದಕ್ಕೆ ಹೊಲಿಗೆ ಎಳೆದು ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡ, ಹಿಡಿದುಕೊಂಡೇ ಮತ್ತೆ ನಕ್ಕ. ವಾಪಸ್ಸಾದವನೆಂದು ನಕ್ಕಿದ್ದವರು ಇವರೇ. ಇವತ್ತು ಅವರ ನಗುವಿನಲ್ಲಿ ಚುಚ್ಚುವುದೇನೂ ಇರಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡು ಇವಳ ಕಡೆ ತಿರುಗಿದಳು. "ನೀನೊಬ್ಬಳು. ಒಂದು ತಿಂಗಳಿಂದ ಸಾಯೋ ಹಾಗೆ ಹೆದರಿಕೊಂಡು, ಕಂಡೋರ್ನೆಲ್ಲ ಹೆದರಿಸ್ಕೊಂಡು ಓಡಾಡಿದೆ. ನಿನ್ನ ಹೆದರಿಕೆಯಿಂದ ಏನು ಬಂತು ಹೇಳು?"

ಉತ್ತರ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು, ಗಂಟೆ ನಿಮಿಷದ ಸಮೇತ. ಒಂದೇ ಮಾತು ಸಾಕಿತ್ತು, ಇಪ್ಪತ್ತಾರು ವರ್ಷದ ಚುಚ್ಚುಮಾತುಗಳೆಲ್ಲ ಬಡ್ಡಿ ಸಮೇತ ತೀರಿಬಿಡುತ್ತಿದ್ದವು. ಅವಳು ಗಂಡನ ಮುಖ ನೋಡಿದಳು. ನಕ್ಕು ನಕ್ಕು ಕೆನ್ನೆಗೆ ಬಣ್ಣ ಬಂದಿತ್ತು. ತಿಂಗಳಿನಿಂದ ಇಲ್ಲದ ಬಣ್ಣ.

"ಏನೂ ಬರ್ಲಿಲ್ಲ ಅತ್ತಿಗೆ," ಎಂದಳು. ತನ್ನ ದನಿ ಇಷ್ಟು ಹಗುರ ಎಂದು ಅವಳಿಗೇ ಗೊತ್ತಿರಲಿಲ್ಲ.

ಸಂಜೆ ತಂಗಿಯ ಫೋನು ಬಂತು. ಎಲ್ಲ ಹೇಗಾಯಿತು, ಒಂದೂ ಬಿಡದೆ ಹೇಳು ಎಂದಳು ತಂಗಿ, ಅಕ್ಕನ ಸ್ವಭಾವ ಗೊತ್ತಿದ್ದವಳು, ಅರ್ಧ ಗಂಟೆ ಕೇಳಲು ಸಿದ್ಧಳಾಗಿ ಕೂತಿದ್ದವಳು. ಇವಳು ಕಿಟಕಿಯ ಬಳಿ ನಿಂತಿದ್ದಳು. ಕೆಳಗೆ ಬೀದಿಯಲ್ಲಿ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು, ಬಸ್ಸೊಂದು ಜನರನ್ನು ಇಳಿಸಿ ಹೋಗುತ್ತಿತ್ತು. ಹೇಳಿಕೊಂಡ ಹೆದರಿಕೆಗಳನ್ನೆಲ್ಲ ಜನ ಮರೆತಿದ್ದರು, ಅವಳೂ ಮರೆತಿದ್ದಳು. ಇದೊಂದನ್ನು ಮರೆಯುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕೇ ಯಾರಿಗೂ ಹೇಳುವುದಿಲ್ಲ: ತಂಗಿಗಿಲ್ಲ, ಅತ್ತಿಗೆಗಿಲ್ಲ, ನಾಳೆ ಮುದುಕನಾಗಿ ಯಂತ್ರದ ಕತೆಯನ್ನು ನೂರನೆಯ ಸಲ ಹೇಳಲಿರುವ ಗಂಡನಿಗೂ ಇಲ್ಲ.

"ಚೆನ್ನಾಗಿ ಆಯ್ತು ಕಣೇ," ಎಂದಳು. "ಹೇಳೋಂಥದ್ದೇನಿಲ್ಲ. ನಿನ್ನ ಸಮಾಚಾರ ಹೇಳು."